ಬ್ರೇಕಾನ್ ಸಾಕಣೆ: ಸಾಕೋ ಗಾಜಿನ ಚಿಮಣಿ ತುಂಬ ಗಂಡೇ ಬತ್ತಾವೆ, ಏನ್ ಮಾಡ್ಲಿ?

ಮದ್ದೂರ್_ತೆಂಗು: ಕಪ್ಪುತಲೆ ಹುಳ ಬಿದ್ದು ತೆಂಗಿನ ಗರಿ ಎಲ್ಲ ಸುಟ್ಟಂಗ್ ಆಗದೆ, ತೋಟಕ್ಕೆ ಬಿಡಾಣ ಅಂತ ಬ್ರೇಕಾನ್ ಕಣಜ ಸಾಕ್ತಿದೀನಿ, ಮೊದ್ಲು ಚೆನ್ನಾಗೇ ಇತ್ತು, ಈಗ ಮೂರ್ ತಿಂಗ್ಳಿಂದ 100 ಎದ್ರೆ 70 ಗಂಡು. ಹುಳಾನ ಚುಚ್ಚೋದು ಹೆಣ್ಣು ತಾನೆ, ಗಂಡು ಬಿಟ್ಟು ಏನ್ ಮಾಡ್ಲಿ? ಜೇನುತುಪ್ಪ ಇಡ್ತೀನಿ, ಅಕ್ಕಿ ಪತಂಗದ ಹುಳಾನೂ ದಪ್ಪದ್ದೇ ಕೊಡ್ತೀನಿ. ಸಾಕಾಗೋಗದೆ.

ಕಬ್ಬು_ಕಾರ್ಡ್: ಶೀಟ್ ಶೆಡ್ಡಾ?

ಮದ್ದೂರ್_ತೆಂಗು: ಹೂಂ, ಮೇಲೆ ಸೋಗೆ ಹಾಕಿದೀನಿ.

ಕಬ್ಬು_ಕಾರ್ಡ್: ಅದೇ ಕಣಣ್ಣ, ಬಿಸಿ. ಕಣಜದಲ್ಲಿ ವೀರ್ಯ ಸೇರಿದ ಮೊಟ್ಟೆ ಹೆಣ್ಣಾಯ್ತದೆ, ಸೇರ್ದೆ ಇದ್ರೆ ಗಂಡು. ಶೆಖೆಗೆ ವೀರ್ಯ ಕೆಟ್ರೆ ಎಲ್ಲ ಗಂಡೇ. ನಾನು ಟ್ರೈಕೋ ಕಾರ್ಡಿಗೆ, ಅದೇ ಟ್ರೈಕೋಗ್ರಾಮಾ ಅನ್ನೋ ಸಣ್ಣ ಕಣಜ ಇರೋ ಕಾರ್ಡಿಗೆ, ರೂಮಿಗೇ ಎಸಿ ಹಾಕ್ಸಿದೀನಿ, 26 ಡಿಗ್ರಿ ಮೇಲೆ ಹೋಗಕ್ಕೆ ಬಿಡಲ್ಲ.

ಹುಣಸೂರ್_ರೈತ: ವೋಲ್ಬಾಕಿಯಾ ಇರ್ಬೋದು, ಕೀಟದ ಮೈಯೊಳಗೆ ಇರೋ ಬ್ಯಾಕ್ಟೀರಿಯಾ ಅದು. ಅದನ್ನ ಕೊಲ್ಲೋಕೆ ಜೇನುತುಪ್ಪದಲ್ಲಿ ಟೆಟ್ರಾಸೈಕ್ಲಿನ್ ಔಷಧಿ ಕಲಸಿ ಕೊಡಿ.

ಮೈಸೂರ್_ಲೆನ್ಸ್: ದಯವಿಟ್ಟು ಬೇಡ, ಅದು ಉಲ್ಟಾ. ಟ್ರೈಕೋಗ್ರಾಮಾದ ಕೆಲವು ಸಂತತೀಲಿ ಆ ಬ್ಯಾಕ್ಟೀರಿಯಾ ಇದ್ರೆ ಗಂಡಿಲ್ದೇನೇ ಬರೀ ಹೆಣ್ಣು ಹುಟ್ತವೆ, ಔಷಧಿ ಕೊಟ್ಮೇಲೇ ಗಂಡು ಬರೋದು.

ಕಬ್ಬು_ಕಾರ್ಡ್: ಬಿಸಿ ಅಂತ ಹೇಳಿದ್ನಲ್ಲ.

ಮೈಸೂರ್_ಲೆನ್ಸ್: ತೆಂಗಿನಣ್ಣ, ಮೊಟ್ಟೆ ಎಲ್ಲ ಒಡೀತವಾ? ತಾಯಿ ಕಣಜ ಎಲ್ಲಿಂದ ತಂದ್ರಿ?

ಮದ್ದೂರ್_ತೆಂಗು: ಎರಡ್ ವರ್ಷದ ಹಿಂದೆ ಸ್ನೇಹಿತರು ಒಂದ್ ಟ್ಯೂಬ್ ಕೊಟ್ರು, ಬದುಕಿದ್ದು ಒಂದೇ ಹೆಣ್ಣು, ಅದ್ರದ್ದೇ ಇವೆಲ್ಲ. ಇನ್ನು ಮೊಟ್ಟೆ, ಹುಳದ ಮೈಮೇಲೆ ಅಕ್ಕಿನುಚ್ಚು ಅಂಟಿದಂಗೆ ಇರ್ತವೆ, ಸುಮಾರು ಸೊರಗಿ ಹಳದಿ ಆಯ್ತವೆ. ಅದು ಮಾಮೂಲಿ ಅಂದ್ಕೊಂಡಿದ್ದೆ.

ಮೈಸೂರ್_ಲೆನ್ಸ್: ಅಲ್ಲೇ ಇದೆ ನೋಡಿ. ಬಿಸಿಗೆ ವೀರ್ಯ ಕೆಟ್ಟಿದ್ರೆ ಮೊಟ್ಟೆ ಚೆನ್ನಾಗೇ ಒಡೆದು ಗಂಡಾಗ್ಬೇಕಿತ್ತು, ಸೊರಗಲ್ಲ. ಬ್ರೇಕಾನಲ್ಲಿ ಲಿಂಗ ನಿರ್ಧರಿಸೋ ಒಂದು ಜೀನ್ ಜಾಗ ಇದೆ, ಅಲ್ಲಿ ಎರಡು ಬೇರೆ ಬೇರೆ ಥರದ ಪ್ರತಿ ಬಂದ್ರೇನೇ ಹೆಣ್ಣು. ಎರಡೂ ಒಂದೇ ಥರದ್ದಾದ್ರೆ ವೀರ್ಯ ಸೇರಿದ್ರೂ ಅದು ಹೆಣ್ಣಾಗಲ್ಲ, ಬಹಳಷ್ಟು ಮೊಟ್ಟೇಲೇ ಸಾಯ್ತವೆ, ಉಳಿದವು ಗಂಡಾಗಿ ಹುಟ್ಟಿ ಕೆಲ್ಸಕ್ಕೆ ಬರಲ್ಲ. ವೈಟಿಂಗ್ ಅನ್ನೋ ವಿಜ್ಞಾನಿ 1943ರಲ್ಲೇ ಬ್ರೇಕಾನ್ ಹೆಬೆಟರ್ ಇಟ್ಕೊಂಡು ಇದನ್ನ ಬರೆದಿದಾರೆ. ಒಂದೇ ತಾಯಿ ಮಕ್ಳು ಎರಡ್ ವರ್ಷ ಅವವೇ ಕೂಡಿದ್ರೆ ಕೊನೆಗೆ ಎರಡೇ ಥರ ಉಳೀತವೆ, ಆಗ ಯಾವ ಗಂಡು ಕೂಡಿದ್ರೂ ಹೆಣ್ಣಾಗ್ಬೇಕಾದ ಮೊಟ್ಟೇಲಿ ಅರ್ಧ ಹೋಯ್ತು.

ಒಂದು ಕೆಲ್ಸ ಮಾಡಿ. ಗೂಡನ್ನ ಒಂದೊಂದೇ ಬಿಡಿಸಿ ಬೇರೆ ಸೀಸೇಲಿಡಿ. ಬಾಲದಲ್ಲಿ ಸೂಜಿ ಇದ್ದು ಮೀಸೆ ಗಿಡ್ಡ ಇದ್ರೆ ಹೆಣ್ಣು. ಗಂಡು ಮುಟ್ಟದ ಹೆಣ್ಣಿನ ಮೊಟ್ಟೇಲಿ ಎಷ್ಟು ಒಡೀತವೆ ಎಣಿಸಿ, ಕೂಡಿದ್ದರದ್ದೂ ಎಣಿಸಿ.

ಕಬ್ಬು_ಕಾರ್ಡ್: ಮನೇಲಿ ಇಷ್ಟೆಲ್ಲ ಆಗಲ್ಲ ಸಾ.

ಮದ್ದೂರ್_ತೆಂಗು: ಮಾಡ್ದೆ. ಕೂಡ್ದೆ ಇರೋದ್ರದ್ದು 40ರಲ್ಲಿ 37 ಒಡೆದ್ವು. ಕೂಡಿದ್ದರದ್ದು 42ರಲ್ಲಿ 27. ಎರಡೂ ಚಿಮಣಿ ಅದೇ ಶೆಡ್ಡಲ್ಲೇ ಅಕ್ಕಪಕ್ಕ ಇದ್ವು.

ಮೈಸೂರ್_ಲೆನ್ಸ್: ಒಂದೇ ಶೆಡ್ಡಲ್ಲಿ ಕೂಡಿದ್ದರ ಮೊಟ್ಟೇನೇ ಜಾಸ್ತಿ ಸಾಯ್ತಿವೆ, ಹಾಗಾದ್ರೆ ಬಿಸಿ ಅಲ್ಲ, ಆ ಜೀನೇ, ಹೊಸ ರಕ್ತ ಬೇಕು. ದೂರದ ಎರಡ್ಮೂರು ತೋಟದಿಂದ ತನ್ನಿ, ಒಂದೇ ಕಡೆಯಿಂದ ಬೇಡ. ಗೋನಿಯೋಜಸ್ ಅನ್ನೋ ಬೇರೆ ಕಣಜ ಹಿಡ್ಕೊಂಡ್ ಬಂದೀರಿ, ಅದು ಕರೀದು, ಉದ್ದಕ್ಕಿರ್ತದೆ.

ಮದ್ದೂರ್_ತೆಂಗು: ನಾಗಮಂಗಲದ ಮಾವನ ತೋಟದಲ್ಲಿ ಗರಿ ಅಡಿ ಬಲೆಯೊಳಗೆ ಬಿಳೀ ಗೂಡು ನೋಡಿದ್ದೆ. ಭಾನುವಾರ ಹೋಗಿ ಗರಿ ಸಮೇತ ತತ್ತೀನಿ.

ಕಬ್ಬು_ಕಾರ್ಡ್: ತನ್ನಿ ಅಣ್ಣ, ಆದ್ರೂ ಸೋಗೆ ಮೇಲೆ ಒದ್ದೆ ಗೋಣಿ ಹೊದಿಸಿ.