ಮನೆಯೊಳಗಿನ ಆರ್ಕಿಡ್‌ಗೆ ನೀರು ಎಷ್ಟು, ಯಾವಾಗ? ಬೆಳೆಸಿದವರು ತಿಳಿಸಿ

ಪ್ರಶ್ನೆ (ಬೆಂಗಳೂರು): ಉಡುಗೊರೆಯಾಗಿ ಬಂದ ಫೆಲನಾಪ್ಸಿಸ್ ಆರ್ಕಿಡ್ ನಮ್ಮ ಮನೆಯ ಕಿಟಕಿಯ ಬಳಿ ಇದೆ. ಹೂಗಳೆಲ್ಲ ಉದುರಿದ ಮೇಲೆ ಎಲೆಗಳು ಸುಕ್ಕುಗಟ್ಟಿ ಜೋತುಬಿದ್ದಿವೆ. ವಾರಕ್ಕೆ ಎರಡು ಬಾರಿ ತಪ್ಪದೆ ನೀರು ಹಾಕುತ್ತಿದ್ದೇನೆ. ಅದು ಕಡಿಮೆಯಾಯಿತೋ ಹೆಚ್ಚಾಯಿತೋ ತಿಳಿಯುತ್ತಿಲ್ಲ. ಕೆಂಪು ಮಣ್ಣು ಹಾಕಿದ ಕುಂಡಕ್ಕೆ ಬದಲಾಯಿಸಬೇಕೇ? ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಕೊಳವೆಬಾವಿಯ ನೀರನ್ನು ಸಾಫ್ಟ್‌ನರ್ ಮೂಲಕ ಬಿಡುತ್ತಾರೆ, ಅದನ್ನೂ ಗಮನಿಸಿ ಉತ್ತರಿಸಿ.

ಉತ್ತರ (ಮೈಸೂರು): ಮಣ್ಣು ಖಂಡಿತ ಬೇಡ. ಈ ಜಾತಿಯ ಗಿಡಗಳು ಆಗ್ನೇಯ ಏಷ್ಯಾದ ಕಾಡುಗಳಲ್ಲಿ ಮರದ ತೊಗಟೆಗೆ ಅಂಟಿಕೊಂಡು, ಬೇರುಗಳನ್ನು ಗಾಳಿಗೆ ಒಡ್ಡಿಕೊಂಡು ಬೆಳೆಯುವಂಥವು. ಮಣ್ಣಿನೊಳಗೆ ಗಾಳಿಯಿಲ್ಲದೆ ಆ ಬೇರುಗಳು ಕೊಳೆಯುತ್ತವೆ. ಎಲೆ ಸುಕ್ಕುಗಟ್ಟಿದ್ದನ್ನು ಮಾತ್ರ ನೋಡಿ ನೀರು ಸಾಲದೆಂದು ತೀರ್ಮಾನಿಸಬೇಡಿ, ಏಕೆಂದರೆ ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಹೀರಿಕೊಳ್ಳುವ ಭಾಗವೇ ಇಲ್ಲದೆ ಎಲೆಗಳು ಹೀಗೆಯೇ ಜೋತುಬೀಳುತ್ತವೆ.

ಆದ್ದರಿಂದ ಮೊದಲು ಗಿಡವನ್ನು ಕುಂಡದಿಂದ ಮೆಲ್ಲಗೆ ಹೊರತೆಗೆದು ಬೇರುಗಳನ್ನು ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಆರೋಗ್ಯವಾಗಿವೆ; ಕಂದುಬಣ್ಣಕ್ಕೆ ತಿರುಗಿ, ಒತ್ತಿದಾಗ ಮೆತ್ತಗಾಗಿ ಸಿಪ್ಪೆ ಜಾರಿದರೆ ಸತ್ತಿವೆ. ಸತ್ತವನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ತೆಗೆದು, ಪೈನ್ ತೊಗಟೆ ಮತ್ತು ಇದ್ದಿಲಿನ ತುಂಡುಗಳಲ್ಲಿ ಮತ್ತೆ ನೆಡಿ. ಅಂಗಡಿಯಿಂದ ಬರುವ ಗಿಡಗಳ ಬೇರಿನ ನಡುವೆ ಹಲವು ಸಲ ಪಾಚಿಯ (ಮಾಸ್) ಒಂದು ಉಂಡೆ ಉಳಿದಿರುತ್ತದೆ. ಮೇಲಿನ ತೊಗಟೆ ಒಣಗಿದ್ದರೂ ಅದು ಒಳಗೊಳಗೇ ಒದ್ದೆಯಾಗಿರುವುದರಿಂದ ಅದನ್ನು ಬಿಡಿಸಿ ತೆಗೆಯುವುದು ಒಳ್ಳೆಯದು.

ಇನ್ನು ವಾರಕ್ಕೆ ಎಷ್ಟು ಬಾರಿ ಎಂಬ ಲೆಕ್ಕವನ್ನೇ ಬಿಡಬೇಕೆಂಬುದು ನನ್ನ ಅಭಿಪ್ರಾಯ. ಬೇರಿನ ಮೇಲಿರುವ ಸ್ಪಂಜಿನಂಥ ಹೊದಿಕೆ ನೀರುಂಡಾಗ ಹಸಿರಾಗಿಯೂ ಒಣಗಿದಾಗ ಬೆಳ್ಳಿಯಂತೆ ಬಿಳುಪಾಗಿಯೂ ಕಾಣುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟರೆ ಇದು ಹೊರಗಿನಿಂದಲೇ ತಿಳಿಯುತ್ತದೆ. ಬಿಳುಪಾದ ಮೇಲೆ, ಬೆಳಗಿನ ಹೊತ್ತು, ತಳದ ತೂತುಗಳಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ, ಪೂರ್ತಿ ಬಸಿದ ನಂತರವೇ ಒಳಗಿಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ರಾತ್ರಿಯೊಳಗೆ ಬಟ್ಟೆಯ ತುದಿಯಿಂದ ಒತ್ತಿ ತೆಗೆಯಿರಿ. ಸುಳಿ ಕೊಳೆತ ಫೆಲನಾಪ್ಸಿಸ್ ಉಳಿಯುವುದು ಅಪರೂಪ.

ಉತ್ತರ (ಬೆಂಗಳೂರು): ನೀರಿನ ಗುಣದ ಬಗ್ಗೆ ಮಾತ್ರ ಸೇರಿಸುತ್ತೇನೆ. ಉಪ್ಪು ಬಳಸುವ ಸಾಫ್ಟ್‌ನರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೆಗೆದು ಅವುಗಳ ಜಾಗದಲ್ಲಿ ಸೋಡಿಯಂ ಸೇರಿಸುತ್ತದೆ. ಸ್ನಾನಕ್ಕೆ ಹಿತವಾದ ಆ ನೀರು ಆರ್ಕಿಡ್ ಬೇರಿಗೆ ಒಳ್ಳೆಯದಲ್ಲ. ಮಳೆನೀರು ಹಿಡಿದಿಡಲು ಸಾಧ್ಯವಾದರೆ ಅದೇ ಉತ್ತಮ, ಇಲ್ಲವಾದರೆ ಆರ್‌ಒ ಯಂತ್ರದ ಶುದ್ಧ ನೀರನ್ನು ಬಳಸಬಹುದು. ಅದೇ ಯಂತ್ರ ಹೊರಹಾಕುವ ನೀರನ್ನು ಉಳಿತಾಯವೆಂದು ಗಿಡಕ್ಕೆ ಹಾಕುವವರನ್ನು ನೋಡಿದ್ದೇನೆ. ಅದರಲ್ಲಿ ಲವಣ ಮೊದಲಿಗಿಂತ ಹೆಚ್ಚಿರುವುದರಿಂದ ಆರ್ಕಿಡ್‌ಗೆ ಅದು ಸಲ್ಲದು. ಗೊಬ್ಬರವನ್ನು ಪೊಟ್ಟಣದಲ್ಲಿ ಸೂಚಿಸಿದ ಪ್ರಮಾಣದ ಕಾಲುಭಾಗಕ್ಕೆ ಇಳಿಸಿ, ಹೊಸ ಎಲೆ ಅಥವಾ ಬೇರು ಬರುತ್ತಿರುವಾಗ ಮಾತ್ರ ಕೊಡಿ, ತಿಂಗಳಿಗೊಮ್ಮೆ ಬರಿಯ ನೀರಿನಿಂದ ಕುಂಡವನ್ನು ಚೆನ್ನಾಗಿ ತೊಳೆಯಿರಿ.

ಉತ್ತರ (ಶಿರಸಿ): ನಮ್ಮ ಕಡೆ ಸೀತಾಳೆ ದಂಡೆ ಎಂಬ ಕಾಡು ಆರ್ಕಿಡ್ ಮರದ ಕೊಂಬೆಯ ಮೇಲೆಯೇ ಯಾರ ಆರೈಕೆಯೂ ಇಲ್ಲದೆ ಹೂಬಿಡುತ್ತದೆ. ಇಡೀ ಮಳೆಗಾಲ ನೆನೆದರೂ ಅದರ ಬೇರು ಕೊಳೆಯದಿರಲು ಕಾರಣ ಸುತ್ತ ಆಡುವ ಗಾಳಿ, ನೀರು ಹಾಕಿದ ಪ್ರಮಾಣವಲ್ಲ. ಮುಚ್ಚಿದ ಕೋಣೆಯಲ್ಲಿ ಅದರ ಅರ್ಧದಷ್ಟು ತೇವವೂ ಅಪಾಯ. ಆದ್ದರಿಂದ ಗಿಡವನ್ನು ಗಾಳಿಯಾಡುವ, ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿಗೆ ಸರಿಸಿ. ಇಷ್ಟು ಹೇಳಿದ ಮೇಲೆ ಒಂದು ವಿನಂತಿಯೂ ಇದೆ: ಮಲೆನಾಡಿಗೆ ಬಂದಾಗ ಕಾಡಿನ ಸೀತಾಳೆಯನ್ನು ಕಿತ್ತು ಒಯ್ಯಬೇಡಿ, ಸಸ್ಯಾಗಾರಗಳಲ್ಲಿ ಬೆಳೆಸಿದ ಗಿಡಗಳು ಬೇಕಾದಷ್ಟು ಸಿಗುತ್ತವೆ.

ಉತ್ತರ (ಬಳ್ಳಾರಿ): ಮೇಲಿನವರ ಮಾತು ಸರಿಯಾದರೂ ಒಣಹವೆಯ ಊರಿನವರು ಸ್ವಲ್ಪ ತಿದ್ದಿಕೊಳ್ಳಬೇಕು. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಬರಿಯ ತೊಗಟೆ ಒಂದೇ ದಿನದಲ್ಲಿ ಒಣಗುವುದರಿಂದ ನಾನು ತೆಂಗಿನಕಾಯಿ ಸಿಪ್ಪೆಯ ತುಂಡುಗಳನ್ನು, ಕೆಲವು ದಿನ ನೀರು ಬದಲಿಸುತ್ತ ನೆನೆಸಿ ಉಪ್ಪು ಬಿಡಿಸಿದ ನಂತರ, ಬೆರೆಸುತ್ತೇನೆ. ಬುಟ್ಟಿಯಲ್ಲಿ ತೂಗುಹಾಕಿದ ವ್ಯಾಂಡಾ ಎಂಬ ಆರ್ಕಿಡ್‌ಗಳಿಗಂತೂ ಬೇಸಿಗೆಯಲ್ಲಿ ದಿನವೂ ನೀರು ಬೇಕೇ ಬೇಕು.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ತೆಗೆದು ನೋಡಿದೆ, ಮೈಸೂರಿನವರು ಹೇಳಿದ ಪಾಚಿಯ ಉಂಡೆ ಇತ್ತು, ಅದರ ಸುತ್ತಲಿನ ಬೇರುಗಳು ಕೊಳೆತಿವೆ, ಹೊರಸುತ್ತಿನ ನಾಲ್ಕಾರು ಗಟ್ಟಿಯಾಗಿವೆ. ಹಳೆಯ ಹೂದಂಟು ಇನ್ನೂ ಹಸಿರಾಗಿದೆ, ಅದನ್ನು ಏನು ಮಾಡಲಿ?

ಉತ್ತರ (ಮೈಸೂರು): ಬಲವಾದ ಗಿಡವಾಗಿದ್ದರೆ ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ಮೇಲೆ ಕತ್ತರಿಸಿ ಕವಲಿಗಾಗಿ ಕಾಯಬಹುದಿತ್ತು. ನಿಮ್ಮದಕ್ಕೆ ಈಗ ಬೇರು ಮುಖ್ಯವಾದ್ದರಿಂದ ಬುಡದ ಬಳಿಯೇ ಕತ್ತರಿಸಿ. ಗಿಡ ಚೇತರಿಸಿಕೊಂಡ ಮೇಲೆ, ಚಳಿಗಾಲದ ರಾತ್ರಿಗಳ ತಂಪು ಕೆಲವು ವಾರ ತಾಗುವಂತೆ ಕಿಟಕಿಯ ಬಳಿಯೇ ಇರಿಸಿದರೆ ಹೊಸ ದಂಟು ಹೊರಡಬಹುದು. ಹೊಸದಾಗಿ ಹೊರಟಿದ್ದರ ತುದಿ ದುಂಡಗೆ ನುಣುಪಾಗಿದ್ದರೆ ಅದು ಬೇರು, ಚಪ್ಪಟೆಯಾಗಿ ಕೈಗವಸಿನ ಹೆಬ್ಬೆರಳಿನಂತೆ ಒಂದು ಪಕ್ಕಕ್ಕೆ ಸೀಳಿದ್ದರೆ ಹೂದಂಟು.