ಒಂದೇ ವಾಹಿನಿಯ ದಿನದಲ್ಲಿ ಪಾಠ, ಬೇಸಾಯ, ಸಂಗೀತ, ಧಾರಾವಾಹಿ: ದೂರದರ್ಶನ ಇವನ್ನು ಹೇಗೆ ಜೋಡಿಸುತ್ತಿತ್ತು?

ಪ್ರಶ್ನೆ

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ದೂರದರ್ಶನದ ಒಂದೇ ವಾಹಿನಿಯಲ್ಲಿ ಬೆಳಗಿನ ವಾರ್ತೆ, ಕಾಲೇಜು ಪಾಠ, ರೈತರ ಕಾರ್ಯಕ್ರಮ, ಧಾರಾವಾಹಿ, ಶಾಸ್ತ್ರೀಯ ಸಂಗೀತ ಎಲ್ಲಕ್ಕೂ ಜಾಗವಿತ್ತು. ಮಾಧ್ಯಮ ಚರಿತ್ರೆಯನ್ನು ಓದುತ್ತಿರುವ ನನ್ನನ್ನು ಒಂದು ಸಂದೇಹ ಕಾಡುತ್ತಿದೆ. ಈ ವೈವಿಧ್ಯವನ್ನು ಯಾರಾದರೂ ಯೋಚಿಸಿ ರೂಪಿಸಿದ್ದರೇ, ಇಲ್ಲವೇ ಬೇರೆ ವಾಹಿನಿ ಇಲ್ಲದ ಕಾರಣ ಎಲ್ಲವನ್ನೂ ಒಂದರಲ್ಲೇ ತುಂಬಬೇಕಾಯಿತೇ? ಆ ದಿನದಲ್ಲಿ ಕನ್ನಡಿಗರ ಪಾಲೆಷ್ಟಿತ್ತು ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಇಡೀ ದಿನವನ್ನು ಯಾರೂ ಒಮ್ಮೆಗೇ ರೂಪಿಸಲಿಲ್ಲ. ಒಂದೊಂದು ಹೊತ್ತು ಒಂದೊಂದು ಕಾಲದಲ್ಲಿ, ಒಂದೊಂದು ಉದ್ದೇಶಕ್ಕಾಗಿ ಬಂದು ಸೇರಿತು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಸಾರಕ್ಕೆ 1967ರ ಜನವರಿ 26ರಂದು ‘ಕೃಷಿ ದರ್ಶನ’ ಸೇರಿತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೆಳಿಗ್ಗೆ ಶಾಲಾ ಮಕ್ಕಳ ಕಾರ್ಯಕ್ರಮಗಳನ್ನೂ ಸಂಜೆ ಬೇಸಾಯ, ಆರೋಗ್ಯ, ಮನರಂಜನೆಗಳನ್ನೂ ತಲುಪಿಸಲಾಯಿತು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಹೊತ್ತು ನೋಡಿ ವೀಕ್ಷಕರನ್ನು ವಿಂಗಡಿಸುವ ಕ್ರಮವನ್ನು ಅಷ್ಟು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದ್ದು ಆ ಪ್ರಯೋಗವೇ ಎಂದು ನಾನು ತಿಳಿದಿದ್ದೇನೆ.

1982ರ ಆಗಸ್ಟ್ 15ರಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1984ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಾಲೇಜು ಪಾಠಗಳೂ, 1987ರಲ್ಲಿ ಬೆಳಗಿನ ಪ್ರಸಾರವೂ, 1989ರಲ್ಲಿ ಮಧ್ಯಾಹ್ನದ ಪ್ರಸಾರವೂ ಬಂದವು. ಹೀಗೆ ಬೆಳೆದ ದಿನವನ್ನು ‘ಫಿಕ್ಸ್ಡ್ ಪಾಯಿಂಟ್ ಚಾರ್ಟ್’ ಎಂಬ ವೇಳಾಪಟ್ಟಿ ಹಿಡಿದಿಡುತ್ತಿತ್ತು. ಯಾವ ವಾರ, ಯಾವ ಗಂಟೆಗೆ ಯಾವ ಬಗೆಯ ಕಾರ್ಯಕ್ರಮ ಎಂಬುದು ಅದರಲ್ಲಿ ಮೊದಲೇ ನಿಗದಿಯಾಗಿರುತ್ತಿದ್ದುದರಿಂದ, ನೋಡುವವರು ಕಡಿಮೆಯೆಂಬ ಕಾರಣಕ್ಕೆ ಸಂಗೀತವನ್ನೋ ಪಾಠವನ್ನೋ ದಿಢೀರನೆ ಕೈಬಿಡುವುದು ಸುಲಭವಿರಲಿಲ್ಲ.

ಉತ್ತರ 2

ಮೇಲಿನ ವಿವರಣೆ ಸರಿಯಾಗಿದೆ, ಆದರೆ ಕಾರ್ಯಕ್ರಮದ ಬಗೆಗಳಲ್ಲಿದ್ದ ವೈವಿಧ್ಯ ಭಾಷೆಯಲ್ಲಿರಲಿಲ್ಲ ಎಂಬುದನ್ನು ಒತ್ತಿ ಹೇಳಲೇಬೇಕು. ಬೆಂಗಳೂರು ಕೇಂದ್ರದ ಕನ್ನಡ ಕಾರ್ಯಕ್ರಮಗಳಿಗೆ ಸಿಕ್ಕಿದ್ದು ಮುಖ್ಯವಾಗಿ ಸಂಜೆಯ ಕೆಲವು ಗಂಟೆಗಳು. ರಾತ್ರಿಯ ಮುಖ್ಯ ಹೊತ್ತಿನಲ್ಲಿ ಕೇಂದ್ರ ದೆಹಲಿಗೆ ಜೋಡಿಸಿಕೊಳ್ಳುತ್ತಿತ್ತು, ಅಲ್ಲಿಂದ ಬರುತ್ತಿದ್ದುದು ಬಹುಪಾಲು ಹಿಂದಿ ಮತ್ತು ಇಂಗ್ಲಿಷ್. ಭಾನುವಾರ ಮಧ್ಯಾಹ್ನದ ಪ್ರಾದೇಶಿಕ ಚಲನಚಿತ್ರದ ಸರದಿಯಲ್ಲಿ ಕನ್ನಡಕ್ಕೂ ಅವಕಾಶವಿತ್ತು, ಇತರ ಭಾಷೆಗಳ ಒಳ್ಳೆಯ ಚಿತ್ರಗಳನ್ನು ಉಪಶೀರ್ಷಿಕೆಯೊಂದಿಗೆ ಕಾಣುವ ಭಾಗ್ಯವೂ ಇತ್ತು. ಅದರ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೂ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ನಮ್ಮ ನೆಲ, ನಮ್ಮ ಕಲಾವಿದರನ್ನು ಒಳಗೊಂಡೂ ದೇಶದ ಮುಂದೆ ಹಿಂದಿಯಲ್ಲೇ ಮಾತನಾಡಬೇಕಾಯಿತು. ಆ ವೇಳಾಪಟ್ಟಿಯ ತೂಕ ಯಾವ ಕಡೆಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಕಾಣುವುದಿಲ್ಲ.

ಉತ್ತರ 3

ಹಣದ ಪಾತ್ರವನ್ನೂ ಸೇರಿಸುತ್ತೇನೆ. 1976ರಲ್ಲಿ ಜಾಹೀರಾತು ಆರಂಭವಾಯಿತು; 1984ರ ಜುಲೈನಲ್ಲಿ ಶುರುವಾದ ‘ಹಮ್ ಲೋಗ್’ ಕುಟುಂಬ ಯೋಜನೆಯಂತಹ ಸಂದೇಶವನ್ನು ಕಥೆಯೊಳಗೆ ಬೆರೆಸಿ, ಪ್ರಾಯೋಜಿತ ಧಾರಾವಾಹಿಗೆ ಎಷ್ಟು ದೊಡ್ಡ ವೀಕ್ಷಕ ಸಮೂಹವಿದೆಯೆಂದು ತೋರಿಸಿತು. ಅನಂತರ ಒಳ್ಳೆಯ ಹೊತ್ತುಗಳು ಒಂದೊಂದಾಗಿ ಪ್ರಾಯೋಜಕರ ಕಡೆಗೆ ಸರಿದವು. ವೇಳಾಪಟ್ಟಿ ಸಂಗೀತ ಮತ್ತು ಪಾಠಗಳನ್ನು ಕಾಪಾಡಿತು ಎಂಬ ಮೊದಲ ಉತ್ತರವನ್ನು ಅರ್ಧ ಮಾತ್ರ ಒಪ್ಪುತ್ತೇನೆ: ಅವು ಉಳಿದವು, ಆದರೆ ತಡರಾತ್ರಿಗೋ ನಡುಹಗಲಿಗೋ ಸರಿದು ಉಳಿದವು.

ಉಪಗ್ರಹ ವಾಹಿನಿಗಳು ಬಂದ ಮೇಲೆ ದೂರದರ್ಶನವೂ ಕವಲೊಡೆಯಿತು. ಕಲೆ, ಸಂಸ್ಕೃತಿಗೆ 2002ರಲ್ಲಿ ಡಿಡಿ ಭಾರತಿ, ರೈತರಿಗೆ 2015ರಲ್ಲಿ ಡಿಡಿ ಕಿಸಾನ್ ಬಂದವು. ಇದರಿಂದ ರೈತರಿಗೆ ಅರ್ಧ ಗಂಟೆಯ ಬದಲು ಇಡೀ ದಿನ ದಕ್ಕಿತು, ಅದು ನಿಜವಾದ ಲಾಭ. ಆದರೆ ಧಾರಾವಾಹಿಗಾಗಿ ಕಾಯುತ್ತಾ ಭತ್ತದ ರೋಗದ ಬಗ್ಗೆ ನಾಲ್ಕು ಮಾತು ಕೇಳಿಸಿಕೊಳ್ಳುತ್ತಿದ್ದ ಪಟ್ಟಣದ ವೀಕ್ಷಕರು ಆ ವಾಹಿನಿಯತ್ತ ತಾವಾಗಿ ಹೋಗುವುದಿಲ್ಲ. ಹಳೆಯ ದಿನದ ವೈವಿಧ್ಯಕ್ಕೆ ಸಾಮಾಜಿಕ ಅರ್ಥ ಬಂದದ್ದು ಈ ಅನುದ್ದೇಶಿತ ಭೇಟಿಗಳಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ಅಧ್ಯಯನಕ್ಕೆ ಆ ಕಾಲದ ದಿನಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ದೂರದರ್ಶನದ ಕಾರ್ಯಕ್ರಮ ಪಟ್ಟಿಗಳು ಒದಗಿಬರುತ್ತವೆ. 1983, 1989 ಮತ್ತು 1995ರ ಒಂದೊಂದು ವಾರವನ್ನು ಪಕ್ಕಪಕ್ಕದಲ್ಲಿಟ್ಟು, ರೈತರ ಕಾರ್ಯಕ್ರಮ ಯಾವ ಹೊತ್ತಿಗಿತ್ತು, ಕನ್ನಡದ ಅವಧಿ ಎಷ್ಟಿತ್ತು ಎಂಬ ಎರಡನ್ನು ಮೊದಲು ಗುರುತಿಸಿಕೊಳ್ಳಿ.