ಪ್ರಾರ್ಥನೆ ಹೊತ್ತಿಗೆ ದಿನಕ್ಕೊಂದು ‘ನಿಮಗಿದು ಗೊತ್ತೇ?’ ಬೇಕು, ಫಾರ್ವರ್ಡ್ ಮೆಸೇಜ್ ಬೇಡ

ಹಾಸನದ_ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನಮ್ಮಲ್ಲಿ ಬೆಳಿಗ್ಗೆ ಪ್ರಾರ್ಥನೆ ಆದಮೇಲೆ ಸುದ್ದಿ, ಸುಭಾಷಿತ, ಆಮೇಲೆ ‘ನಿಮಗಿದು ಗೊತ್ತೇ?’ ಅಂತ ಒಂದು ನಿಮಿಷ ಇರುತ್ತದೆ. ಮಕ್ಕಳು ಮನೆಯವರ ಫೋನಿನಲ್ಲಿ ಸಿಕ್ಕಿದ್ದನ್ನು ಬರೆದುಕೊಂಡು ಬಂದು ಓದುತ್ತಾರೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗ ‘ಚಂದ್ರನ ಮೇಲೆ ನಿಂತರೆ ಕಾಣುವ ಒಂದೇ ಕಟ್ಟಡ ಚೀನಾದ ಮಹಾಗೋಡೆ’ ಅಂದ. ಚಪ್ಪಾಳೆಯೂ ಬಿತ್ತು. ಕೊನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ‘ಸರ್, ಗೋಡೆ ಕಾಣೋದಾದ್ರೆ ನಮ್ಮ ಗೊರೂರು ಡ್ಯಾಮ್ ಯಾಕೆ ಕಾಣಲ್ಲ?’ ಅಂದಳು. ಸುಳ್ಳು ಅಂತ ನನಗೆ ಗೊತ್ತಿತ್ತು, ಆದರೆ ನಿಂತ ನಿಲುವಿನಲ್ಲಿ ಅದನ್ನು ತೋರಿಸಿಕೊಡುವುದು ಹೇಗೆ ಅಂತ ಹೊಳೆಯದೆ, ‘ಆಮೇಲೆ ಹೇಳ್ತೀನಮ್ಮಾ’ ಅಂತ ಜಾರಿಕೊಂಡೆ.

ಇತಿಹಾಸ, ಪ್ರಕೃತಿ, ಬಾಹ್ಯಾಕಾಶ, ಮುಂದೆ ಬರುವ ತಂತ್ರಜ್ಞಾನ, ಯಾವುದಾದರೂ ಸರಿ. ‘ಜಗತ್ತಿನಲ್ಲೇ ಅತಿ ದೊಡ್ಡ’ ಅನ್ನುವ ಪಟ್ಟಿ ಬೇಡ. ಮಕ್ಕಳು ಮುಟ್ಟಿ ನೋಡುವಂಥದ್ದು ಇದ್ದರೆ ಹೇಳಿ.

ಸಾಲಗಾಮೆ_ರೋಡ್:
ಮೇಷ್ಟ್ರೇ, ಆ ಹುಡುಗಿಗೆ ಉತ್ತರ ಕೊಡಲು ಒಂದು ಗ್ಲೋಬು, ಒಂದು ಮೂಸಂಬಿ, ಒಂದಿಷ್ಟು ದಾರ ಸಾಕು. ಸ್ಕೂಲಿನ ಗ್ಲೋಬ್ ಅಡ್ಡಳತೆ 30 ಸೆಂ.ಮೀ. ಅಂದುಕೊಳ್ಳಿ. ಅದೇ ಅಳತೆಗೆ ಚಂದ್ರ ಅಂದರೆ ಆ ಮೂಸಂಬಿ, ಇಡಬೇಕಾದ್ದು 9 ಮೀಟರು ದೂರದಲ್ಲಿ. ಮೂಸಂಬಿ ಹಿಡಿದು ಒಬ್ಬ ಹುಡುಗನನ್ನು ಧ್ವಜಸ್ತಂಭದ ಹತ್ತಿರ ನಿಲ್ಲಿಸಿ, ಅಲ್ಲಿಂದ ಗ್ಲೋಬಿನ ಮೇಲಿನ ಚೀನಾ ದೇಶವನ್ನೇ ಹುಡುಕಲು ಹೇಳಿ. ಗೋಡೆಯ ಅಗಲ ಕೆಲವೇ ಮೀಟರು. ಗೊರೂರಿನ ನೀರು ಅದಕ್ಕಿಂತ ಎಷ್ಟೋ ಅಗಲ, ಹುಡುಗಿ ಕೇಳಿದ್ದು ಸರಿಯಾಗೇ ಇದೆ! 2003ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಚೀನಾದವರೇ ಆದ ಯಾಂಗ್ ಲಿವೇ ತಮಗೆ ಗೋಡೆ ಕಾಣಲಿಲ್ಲ ಅಂದರು. ಅವರು ಹೋಗಿದ್ದು ಚಂದ್ರನ ತನಕವೂ ಅಲ್ಲ, ಬರೀ ಕೆಲವು ನೂರು ಕಿ.ಮೀ. ಮೇಲಕ್ಕೆ.

ಈಗ ನಮ್ಮೂರಿನ ವಿಷಯ. ಅಂತರಿಕ್ಷ ನಿಲ್ದಾಣ 400 ಕಿ.ಮೀ. ಎತ್ತರದಲ್ಲಿದೆ ಅಂತ ಎಲ್ಲರೂ ಬಾಯಿ ಬಿಡುತ್ತಾರಲ್ಲ, ಅದು ಈ ಗ್ಲೋಬಿಗೆ ಒಂದು ಸೆಂಟಿಮೀಟರೂ ಇಲ್ಲ. ಹೆಚ್ಚುಕಮ್ಮಿ ಅಂಟಿಕೊಂಡ ಹಾಗೇ. ಆದರೆ ನಮ್ಮ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು 1982ರಿಂದ ಹಾಸನದಲ್ಲಿ ಕೂತು ನೋಡಿಕೊಳ್ಳುತ್ತಿರುವ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳು ಸುಮಾರು 36,000 ಕಿ.ಮೀ. ಮೇಲಿವೆ. ದಾರದಲ್ಲಿ 84 ಸೆಂ.ಮೀ. ಅಳೆದು ಅಲ್ಲೊಂದು ಗಂಟು ಹಾಕಿ. ಆ ಎತ್ತರದಲ್ಲಿ ಒಂದು ಸುತ್ತು ಬರಲು ಭೂಮಿ ತನ್ನ ಸುತ್ತ ಒಮ್ಮೆ ತಿರುಗುವಷ್ಟೇ ಹೊತ್ತು ಬೇಕು. ಹಾಗಾಗಿ ನೆಲದಿಂದ ನೋಡಿದರೆ ಉಪಗ್ರಹ ನಿಂತಲ್ಲೇ ನಿಂತಂತೆ ಇರುತ್ತದೆ. ಮನೆ ಮೇಲಿನ ಡಿಶ್ ಒಮ್ಮೆ ತಿರುಗಿಸಿ ಬೋಲ್ಟ್ ಬಿಗಿ ಮಾಡಿದರೆ ಮುಗಿಯಿತು ಅಲ್ವಾ, ಅದಕ್ಕೇ.

ಇನ್ನೊಂದು, ಇದು ಮಲೆನಾಡಿನ ಮಕ್ಕಳಿಗೆ ಅಂತಲೇ. ಜೋರು ಮಳೆಯಲ್ಲಿ ಟಿವಿ ‘ನೋ ಸಿಗ್ನಲ್’ ಅನ್ನುತ್ತದೆ. ಡಿಶ್‌ಗೆ ಬರುವ ಅಲೆ ಬರೀ ಎರಡೂವರೆ ಸೆಂ.ಮೀ. ಉದ್ದದ್ದು, ಮಳೆಹನಿಗಳು ಅದನ್ನು ಹೀರಿ ಚದುರಿಸಿಬಿಡುತ್ತವೆ. 36,000 ಕಿ.ಮೀ. ಸರಾಗವಾಗಿ ಬಂದ ಸಿಗ್ನಲ್ಲು ನಮ್ಮ ಹೆಂಚಿನ ಮೇಲಿನ ಕೊನೇ ನಾಲ್ಕೈದು ಕಿ.ಮೀ. ದಾಟಲಾರದೆ ಸಾಯುತ್ತದೆ.

ತೋಟದ_ಲೈನ್:
ನಾನು ಬಾಳೆಹೊನ್ನೂರು ಕಡೆಯವನು, ಕಾಫಿ ಬಿಟ್ಟು ಬೇರೆ ಗೊತ್ತಿಲ್ಲ 😄 ಬಾಬಾಬುಡನ್ ಏಳು ಬೀಜ ತಂದ ಕತೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಅದು ಐತಿಹ್ಯ ಅಂತ ಒಂದು ಮಾತು ಸೇರಿಸಿ ಹೇಳಿ. ನನಗೆ ಅದಕ್ಕಿಂತ ಸೋಜಿಗ ಅನ್ನಿಸಿದ್ದು ಬೇರೆ. ನಾವು ಅರೇಬಿಕಾ ಅಂದರೆ ದೊಡ್ಡ ಮನೆತನ, ರೊಬಸ್ಟಾ ಅಂದರೆ ಒಂದು ಮೆಟ್ಟಿಲು ಕೆಳಗೆ ಅಂತ ನೋಡುತ್ತೇವೆ. ನಿಜ ಏನು ಗೊತ್ತಾ? ಆಫ್ರಿಕಾದ ಕಾಡಿನಲ್ಲಿ ಬಹಳ ಹಿಂದೆ ರೊಬಸ್ಟಾ ಜಾತಿಗೂ ಯೂಜಿನಿಯಾಯ್ಡಿಸ್ ಅನ್ನುವ ಇನ್ನೊಂದು ಕಾಫಿ ಜಾತಿಗೂ ತಾನಾಗೇ ಬೆರಕೆ ಆಗಿ ಹುಟ್ಟಿದ್ದೇ ಅರೇಬಿಕಾ. ಹೆತ್ತವರಿಬ್ಬರಿಗೂ 22 ಕ್ರೋಮೋಸೋಮು, ಮಗುವಿಗೆ 44. ಅರೇಬಿಕಾ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದಲ್ಲ, ಆಗ ಕರೆದುಕೊಂಡು ಬನ್ನಿ ಮೇಷ್ಟ್ರೇ, ರೊಬಸ್ಟಾ ಸಾಲಿನಲ್ಲಿ ಜೇನುಹುಳದ ಸದ್ದನ್ನೇ ಕೇಳಿಸುತ್ತೇನೆ.

ಬೇಲೂರು_ಬಸ್‌ಸ್ಟ್ಯಾಂಡ್:
ಇತಿಹಾಸಕ್ಕೆ ಒಂದು ತುಂಡು ಬಳಪ ತಗೊಂಡು ಹೋಗಿ. ಉಗುರಿನಲ್ಲಿ ಗೀಚಿದರೂ ಪುಡಿ ಬರುತ್ತದೆ. ಬೇಲೂರು, ಹಳೇಬೀಡು ದೇವಸ್ಥಾನದ ಕಲ್ಲೂ ಅದರ ಬಳಗದ್ದೇ, ನಾವು ಬಳಪದ ಕಲ್ಲು ಅನ್ನುತ್ತೇವೆ. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗೆ, ಗಾಳಿಗೆ ಬಿಟ್ಟಂತೆ ಗಟ್ಟಿ. ಮದನಿಕೆಯ ಬಳೆ ಸರ ಕೂದಲು ಅಷ್ಟು ಸಣ್ಣಗೆ ಬಂದಿರುವುದು ಸುಮ್ನೆ ಅಲ್ಲ. ಬೇಲೂರಿನ ಕೆಲಸ 1117ರದ್ದು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ವಿಗ್ರಹದ ಪೀಠದಲ್ಲಿ ಹೆಸರು ಕೆತ್ತಿ ಹೋಗಿದ್ದಾರೆ. ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದಿದ್ದರು ಅಂದರೆ ಮಕ್ಕಳು ಕಿವಿ ನೆಟ್ಟಗೆ ಮಾಡುತ್ತಾರೆ.

ಹಗರೆ_ಕಡೆಯವಳು:
ಹಲ್ಮಿಡಿ ಶಾಸನ ಬಿಟ್ಟಿರಲ್ಲ! ಬೇಲೂರು ತಾಲೂಕಿನದ್ದೇ. ಸುಮಾರು ಕ್ರಿ.ಶ. 450, 16 ಸಾಲು. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಮೊದಲೇ ಹೇಳಿಬಿಡಿ, ಊರಲ್ಲಿರುವುದು ಪ್ರತಿಕೃತಿ, ಮೂಲ ಮೈಸೂರಿನಲ್ಲಿದೆ. ನನ್ನ ಮಗ ಅಲ್ಲಿ ಹೋಗಿ ‘ಇದು ಡೂಪ್ಲಿಕೇಟಾ?’ ಅಂತ ಮುಖ ಊದಿಸಿಕೊಂಡಿದ್ದ.

ಹಾಸನದ_ಮೇಷ್ಟ್ರು:
ಇವತ್ತು ಮೂಸಂಬಿ ಪ್ರಯೋಗ ಆಯಿತು. ಧ್ವಜಸ್ತಂಭದ ಹತ್ತಿರ ನಿಂತವನು ಆ ಚೀನಾದ ಹುಡುಗನೇ. ‘ಸರ್, ಹಸಿರು ನೀಲಿ ಬಿಟ್ಟು ಏನೂ ಕಾಣ್ತಿಲ್ಲ’ ಅಂತ ಕೂಗಿದ, ಎಲ್ಲರೂ ನಕ್ಕರು. ಆಮೇಲೆ ಮೂಸಂಬಿ ತಿಂದೂ ಬಿಟ್ಟ. ಕೊನೇ ಸಾಲಿನವಳು ಈಗ ದಾರದ ಗಂಟು ಹಿಡಿದುಕೊಂಡು ‘ಇದರ ಪೆಟ್ರೋಲ್ ಖಾಲಿಯಾದ್ರೆ ಏನ್ಮಾಡ್ತಾರೆ?’ ಅಂತ ಕೇಳುತ್ತಿದ್ದಾಳೆ. ಸಾಲಗಾಮೆಯವರೇ, ಕಾಪಾಡಿ.

ಸಾಲಗಾಮೆ_ರೋಡ್:
ಒಳ್ಳೇ ಕೇಳಿದಳು! ಉಪಗ್ರಹ ಕೆಡುವ ಮೊದಲೇ ಎಷ್ಟೋ ಸಲ ಇಂಧನ ತೀರುತ್ತದೆ. ಕೊನೇ ಹನಿ ಉಳಿಸಿಕೊಂಡು ಸುಮಾರು 300 ಕಿ.ಮೀ. ಮೇಲಕ್ಕೆ ತಳ್ಳಿ, ದಾರಿ ಖಾಲಿ ಮಾಡಿ, ಅಲ್ಲಿಗೇ ಬಿಡುತ್ತಾರೆ. ಅದಕ್ಕೆ ಸ್ಮಶಾನ ಕಕ್ಷೆ ಅಂತಲೇ ಹೆಸರು. ಆದರೆ 2020ರಲ್ಲಿ ಎಂಇವಿ-1 ಅನ್ನುವ ನೌಕೆ ಹೋಗಿ, ಇಂಧನ ಮುಗಿಯುತ್ತಾ ಬಂದಿದ್ದ ಇಂಟೆಲ್‌ಸ್ಯಾಟ್ 901ಕ್ಕೆ ಅಂಟಿಕೊಂಡು ತಾನೇ ಎಂಜಿನ್ ಆಗಿ ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿತು. ಕೆಟ್ಟು ನಿಂತ ಜೀಪಿಗೆ ಟ್ರ್ಯಾಕ್ಟರ್ ಕಟ್ಟಿದ ಹಾಗೆ. ಇಸ್ರೋದವರೂ 2025ರ ಜನವರಿಯಲ್ಲಿ ಸ್ಪೇಡೆಕ್ಸ್‌ನ ಎರಡು ಉಪಗ್ರಹಗಳನ್ನು ಕಕ್ಷೆಯಲ್ಲೇ ಜೋಡಿಸಿದರು, ಇಂಥ ಕೆಲಸಕ್ಕೆ ಮೊದಲು ಬೇಕಾದ ವಿದ್ಯೆ ಅದೇ.

ಅವಳ ದಾರದಲ್ಲಿ ಗಂಟಿನಿಂದ ಮುಕ್ಕಾಲು ಸೆಂಟಿಮೀಟರು ಮೇಲೆ ಇನ್ನೊಂದು ಗಂಟು ಹಾಕಲು ಹೇಳಿ. ಸ್ಮಶಾನ ಅಲ್ಲಿ.